ನಮೂನೆಯ ಅಂಕಣ ಮತ್ತು ನೋವಿನ ನುಡಿ: ಔಷಧ ಪ್ರಯೋಗಗಳ ಎಲೆಕ್ಟ್ರಾನಿಕ್ ದಾಖಲೆ ನಮೂನೆಗಳ ಜಾನಪದೀಯ ವಿಮರ್ಶೆ

ನಮೂನೆಗಳನ್ನು ಯಾರೂ ಓದುವುದಿಲ್ಲ, ತುಂಬುತ್ತಾರೆ. ಪಡಿತರ ಚೀಟಿಯ ಅರ್ಜಿ, ಶಾಲೆಯ ದಾಖಲಾತಿ ಪುಸ್ತಕ, ಜನಗಣತಿಯ ಪಟ್ಟಿ, ಆಸ್ಪತ್ರೆಯ ಹೊರರೋಗಿ ಚೀಟಿ ಇವೆಲ್ಲವೂ ಕೈಗೆ ಬಂದು ಕೈದಾಟಿ ಹೋಗುವ ಕಾಗದಗಳೆಂದೇ ನಾವು ಭಾವಿಸಿದ್ದೇವೆ. ಆದ್ದರಿಂದ ಅವು ವಿಮರ್ಶೆಯ ವಸ್ತುವಾಗಬಲ್ಲವೆಂಬ ಯೋಚನೆ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಆದರೆ ನಮೂನೆಯೂ ಒಂದು ಪಠ್ಯವೇ. ಅದಕ್ಕೆ ಕರ್ತೃವಿದ್ದಾನೆ, ಅವನ ಮನಸ್ಸಿನಲ್ಲಿ ಒಬ್ಬ ಕಲ್ಪಿತ ಓದುಗನಿದ್ದಾನೆ. ಏನನ್ನು ಕೇಳಬೇಕು, ಏನನ್ನು ಕೇಳಬಾರದು, ಉತ್ತರ ಎಷ್ಟು ಉದ್ದವಿರಬಹುದು, ಯಾವ ಭಾಷೆಯಲ್ಲಿರಬೇಕು ಎಂಬ ತೀರ್ಮಾನಗಳು ಅದರ ಗೆರೆಗಳೊಳಗೇ ಅಡಗಿವೆ. ಇನ್ನೊಬ್ಬರ ಬದುಕಿನಿಂದ ಒಂದು ಮಾತನ್ನು ಪಡೆದು ಅದನ್ನು ದಾಖಲೆಯನ್ನಾಗಿ ಪರಿವರ್ತಿಸುವ ಕೆಲಸವನ್ನು ನಮೂನೆ ಮಾಡುತ್ತದೆ. ಜಾನಪದ ವಿದ್ವಾಂಸನೂ ಕ್ಷೇತ್ರಕಾರ್ಯದಲ್ಲಿ ಮಾಡುವುದು ಇದನ್ನೇ.

ಹೊಸ ಔಷಧಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಬಳಕೆಯಾಗುವ ಎಲೆಕ್ಟ್ರಾನಿಕ್ ದಾಖಲೆ ನಮೂನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಮೂನೆಗಳು ‘ಬಳಕೆದಾರಸ್ನೇಹಿ’ಯಾಗಿರಬೇಕೆಂಬ ಮಾತು ವೈದ್ಯಕೀಯ ಮತ್ತು ಗಣಕ ಕ್ಷೇತ್ರಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಆದರೆ ಬಳಕೆದಾರ ಯಾರು ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರ ಅಪೂರ್ಣವೆಂಬುದು ಈ ಲೇಖನದ ಪ್ರತಿಪಾದನೆ. ಕನ್ನಡ ನುಡಿಯುವ ರೋಗಿಯೊಬ್ಬನ ಮಾತು ಈ ನಮೂನೆಯನ್ನು ಹೊಕ್ಕು ಹೊರಬರುವಾಗ ಏನಾಗುತ್ತದೆಂಬುದನ್ನು ಉದಾಹರಣೆಗಳ ಮೂಲಕ ನೋಡಿದರೆ ಈ ಅಪೂರ್ಣತೆ ಸ್ಪಷ್ಟವಾಗುತ್ತದೆ.

೧. ನಮೂನೆಯ ಸ್ವರೂಪ

ಔಷಧ ಪ್ರಯೋಗವೊಂದರಲ್ಲಿ ಭಾಗವಹಿಸುವ ಪ್ರತಿಯೊಬ್ಬನ ಕುರಿತು ಒಂದು ದಾಖಲೆಗುಚ್ಛ ಸಿದ್ಧವಾಗುತ್ತದೆ. ಭಾಗಿಯ ವಯಸ್ಸು, ಲಿಂಗ, ಹಿಂದಿನ ಕಾಯಿಲೆಗಳು, ಪ್ರತಿ ಭೇಟಿಯಲ್ಲಿ ಅಳೆದ ರಕ್ತದೊತ್ತಡ ಹಾಗೂ ತೂಕ, ಪ್ರಯೋಗಾಲಯದ ಫಲಿತಾಂಶ, ಅವನು ಸೇವಿಸುತ್ತಿರುವ ಇತರ ಔಷಧಗಳು, ಪ್ರಯೋಗದ ಅವಧಿಯಲ್ಲಿ ಕಾಣಿಸಿಕೊಂಡ ಪ್ರತಿಕೂಲ ಘಟನೆಗಳು ಇವೆಲ್ಲವೂ ಪ್ರತ್ಯೇಕ ಪುಟಗಳಲ್ಲಿ ದಾಖಲಾಗುತ್ತವೆ. ಹಿಂದೆ ಇವು ಕಾಗದದ ಮೇಲಿದ್ದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೧೯೯೭ರಲ್ಲಿ ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಗಳನ್ನು ಕುರಿತ ನಿಯಮವನ್ನು ಜಾರಿಗೆ ತಂದ ಮೇಲೆ ಗಣಕಯಂತ್ರದ ಪರದೆಯ ಮೇಲಿನ ನಮೂನೆಗಳು ಕ್ರಮೇಣ ಕಾಗದದ ಸ್ಥಾನವನ್ನು ಆಕ್ರಮಿಸಿದವು. ಬೇರೆಬೇರೆ ಸಂಸ್ಥೆಗಳು ಬೇರೆಬೇರೆ ರೀತಿಯಲ್ಲಿ ಪ್ರಶ್ನೆ ಕೇಳುತ್ತಿದ್ದುದರಿಂದ ಉಂಟಾದ ಗೊಂದಲವನ್ನು ನಿವಾರಿಸಲು ಸಿಡಿಸ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ೨೦೦೮ರಲ್ಲಿ ‘ಸಿಡ್ಯಾಶ್’ ಎಂಬ ಮಾನಕವನ್ನು ಪ್ರಕಟಿಸಿತು. ಭಾರತದಲ್ಲಿ ಔಷಧ ಪ್ರಯೋಗಗಳ ನೋಂದಣಿ ಕೇಂದ್ರವು ೨೦೦೭ರಲ್ಲಿ ಆರಂಭವಾಯಿತು. ೨೦೦೯ರಿಂದ ನೋಂದಣಿ ಕಡ್ಡಾಯವಾಯಿತು. ೨೦೧೯ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಈಗ ಈ ಕ್ಷೇತ್ರವನ್ನು ನಿಯಂತ್ರಿಸುತ್ತವೆ.

ಪರದೆಯ ಮೇಲಿನ ನಮೂನೆಗೆ ಕಾಗದಕ್ಕಿಲ್ಲದ ಕೆಲವು ಗುಣಗಳಿವೆ. ಒಂದು ಉತ್ತರವನ್ನು ಆಧರಿಸಿ ಮುಂದಿನ ಪ್ರಶ್ನೆಯನ್ನು ಅದು ತೋರಿಸಬಲ್ಲದು, ಇಲ್ಲವೇ ಮರೆಮಾಡಬಲ್ಲದು. ಆಯ್ಕೆಗಳ ಪಟ್ಟಿಯನ್ನು ಮುಂದಿಡಬಲ್ಲದು. ಕಾಯಿಲೆ ಮುಗಿದ ದಿನಾಂಕವು ಆರಂಭವಾದ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಕೂಡಲೇ ಆಕ್ಷೇಪಣೆ ಎತ್ತಬಲ್ಲದು. ಖಾಲಿ ಬಿಟ್ಟ ಅಂಕಣವನ್ನು ತುಂಬದೆ ಮುಂದೆ ಹೋಗಲು ಬಿಡದಿರಬಲ್ಲದು. ಇಂಥ ನಮೂನೆಯನ್ನು ಬಳಕೆದಾರಸ್ನೇಹಿಯಾಗಿಸುವುದೆಂದರೆ ಸಾಮಾನ್ಯವಾಗಿ ಕ್ಲಿಕ್ಕುಗಳ ಸಂಖ್ಯೆಯನ್ನು ತಗ್ಗಿಸುವುದು, ಸಂಬಂಧಿಸಿದ ಪ್ರಶ್ನೆಗಳನ್ನು ಒಂದೇ ಪುಟದಲ್ಲಿಡುವುದು, ಆಕ್ಷೇಪಣೆಗಳನ್ನು ಕಡಿಮೆ ಮಾಡುವುದು ಎಂದು ಅರ್ಥ. ಇವೆಲ್ಲ ಬೇಕಾದವೇ. ಆದರೆ ಈ ಅಳತೆಗೋಲುಗಳೆಲ್ಲವೂ ನಮೂನೆಯನ್ನು ತುಂಬುವ ಸಂಯೋಜಕನನ್ನು ಮತ್ತು ದತ್ತಾಂಶವನ್ನು ನಿರ್ವಹಿಸುವ ತಜ್ಞನನ್ನು ಮಾತ್ರ ಬಳಕೆದಾರರೆಂದು ಎಣಿಸುತ್ತವೆ. ಯಾರ ದೇಹದಿಂದ, ಯಾರ ಬಾಯಿಂದ ದತ್ತಾಂಶ ಹುಟ್ಟುತ್ತದೆಯೋ ಆ ಮೂರನೆಯ ವ್ಯಕ್ತಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ಸಂಗ್ರಾಹಕ ಮತ್ತು ಸಂಪಾದಕರ ಅನುಕೂಲವನ್ನು ಇಲ್ಲಿ ಗಮನಿಸಲಾಗಿದೆ, ವಕ್ತೃವನ್ನು ಗಮನಿಸಿಲ್ಲ.

೨. ಮೆಚ್ಚತಕ್ಕ ಅಂಶಗಳು

ದೋಷಗಳನ್ನು ಹೇಳುವ ಮುನ್ನ ಈ ಪರಂಪರೆಯಿಂದ ನಮ್ಮ ಶಿಸ್ತು ಕಲಿಯಬೇಕಾದುದನ್ನು ಗುರುತಿಸುವುದು ನ್ಯಾಯ. ‘ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಿ’ ಎಂಬ ರೀತಿಯ ಪ್ರಶ್ನೆಗಿಂತ ಪ್ರತಿಯೊಂದಕ್ಕೂ ‘ಹೌದು’ ಅಥವಾ ‘ಇಲ್ಲ’ ಎಂದು ಕೇಳುವುದು ಮೇಲೆಂದು ಸಿಡ್ಯಾಶ್ ಹೇಳುತ್ತದೆ. ಗುರುತಿಲ್ಲದ ಚೌಕವೊಂದು ‘ಇಲ್ಲ’ವೆಂಬುದನ್ನು ಸೂಚಿಸುತ್ತದೋ, ಕೇಳಲೇ ಇಲ್ಲವೆಂಬುದನ್ನು ಸೂಚಿಸುತ್ತದೋ ತಿಳಿಯದೆಂಬುದು ಇದರ ಹಿಂದಿನ ಕಾರಣ. ಇದು ಸಣ್ಣ ಮಾತಲ್ಲ. ‘ಈ ಊರಿನಲ್ಲಿ ಸೋಬಾನೆ ಪದಗಳು ದೊರೆಯಲಿಲ್ಲ’ ಎಂಬ ವಾಕ್ಯವನ್ನು ಸಂಗ್ರಹವೊಂದರಲ್ಲಿ ಓದಿದಾಗ ಹಾಡುಗಳು ಇರಲಿಲ್ಲವೋ, ಹಾಡುವ ಹೆಂಗಸರನ್ನು ಯಾರೂ ಕೇಳಲಿಲ್ಲವೋ ಎಂದು ಹೇಳುವುದು ಕಷ್ಟ. ಇಲ್ಲದಿರುವುದಕ್ಕೂ ಕೇಳದಿರುವುದಕ್ಕೂ ಇರುವ ಅಂತರವನ್ನು ನಮೂನೆಗಾರರು ನಮಗಿಂತ ಚೆನ್ನಾಗಿ ಅರಿತಿದ್ದಾರೆ.

ಎರಡನೆಯದು ತಿದ್ದುಪಡಿಯ ಜಾಡು. ಎಲೆಕ್ಟ್ರಾನಿಕ್ ನಮೂನೆಯಲ್ಲಿ ಒಮ್ಮೆ ದಾಖಲಾದ ಉತ್ತರವನ್ನು ಬದಲಿಸಿದರೆ ಹಳೆಯ ಉತ್ತರ ಅಳಿಸಿಹೋಗುವುದಿಲ್ಲ. ಹಳೆಯದು ಏನಿತ್ತು, ಹೊಸದು ಏನು, ಬದಲಿಸಿದವರು ಯಾರು, ಯಾವ ಸಮಯದಲ್ಲಿ, ಯಾವ ಕಾರಣಕ್ಕೆ ಎಂಬುದೆಲ್ಲ ಉಳಿಯುತ್ತದೆ. ಗ್ರಂಥಸಂಪಾದನೆಯ ಪಾಠಾಂತರಗಳ ಅಡಿಟಿಪ್ಪಣಿಗೆ ಸಮನಾದ ವ್ಯವಸ್ಥೆ ಇದು. ಜನಪದ ಗೀತೆಗಳ ಹಳೆಯ ಮುದ್ರಿತ ಸಂಕಲನಗಳಲ್ಲಿ ಪ್ರಾಸಕ್ಕಾಗಿ, ಸಭ್ಯತೆಗಾಗಿ, ‘ಶುದ್ಧ ಕನ್ನಡ’ಕ್ಕಾಗಿ ಸಂಪಾದಕರು ಮಾಡಿದ ತಿದ್ದುಪಡಿಗಳಲ್ಲಿ ಅನೇಕವು ಇಂಥ ಜಾಡನ್ನು ಉಳಿಸಿಲ್ಲ.

ಆದರೆ ಈ ಜಾಡಿಗೊಂದು ಮಿತಿಯಿದೆ. ನಮೂನೆಯೊಳಗೆ ಬಂದ ಮೇಲಿನ ಬದಲಾವಣೆಯನ್ನಷ್ಟೇ ಅದು ಕಾಯುತ್ತದೆ. ರೋಗಿಯ ಬಾಯಿಂದ ನಮೂನೆಯ ಅಂಕಣಕ್ಕೆ ಬರುವ ಹಾದಿಯಲ್ಲಿ ಆಗುವ ಮೊದಲನೆಯ ಮತ್ತು ಅತಿದೊಡ್ಡ ತಿದ್ದುಪಡಿಗೆ ಜಾಡಿಲ್ಲ.

೩. ‘ಯಥಾವತ್’ ಎಂಬ ಅಂಕಣ

ಪ್ರತಿಕೂಲ ಘಟನೆಯ ಪುಟದಲ್ಲಿ ಒಂದು ಮುಕ್ತ ಅಂಕಣವಿರುತ್ತದೆ. ಘಟನೆಯನ್ನು ವರದಿಯಾದ ಮಾತಿನಲ್ಲೇ ಅಲ್ಲಿ ಬರೆಯಬೇಕು. ‘ಯಥಾವತ್ ಪದ’ವೆಂದು ಅದನ್ನು ಕರೆಯುವ ರೂಢಿಯಿದೆ. ಅನಂತರ ಆ ಪದವನ್ನು ‘ಮೆಡ್‌ಡ್ರಾ’ ಎಂಬ ವೈದ್ಯಕೀಯ ಪದಕೋಶಕ್ಕೆ ಹೊಂದಿಸಿ ಸಂಕೇತ ನೀಡಲಾಗುತ್ತದೆ. ಈ ಪದಕೋಶ ಐದು ಸ್ತರಗಳದು. ಕೆಳಗಿನ ಸ್ತರದಲ್ಲಿ ಬಿಡಿಬಿಡಿ ಪದಗಳು, ಮೇಲಿನ ಸ್ತರದಲ್ಲಿ ೨೭ ಅಂಗವ್ಯವಸ್ಥಾ ವರ್ಗಗಳು. ಜಾನಪದ ವಿದ್ಯಾರ್ಥಿಗಳಿಗೆ ಈ ರಚನೆ ಅಪರಿಚಿತವಲ್ಲ. ಸ್ಟಿತ್ ಥಾಮ್ಸನ್ ೧೯೩೨ರಿಂದ ೧೯೩೬ರ ನಡುವೆ ಪ್ರಕಟಿಸಿ, ೧೯೫೫ರಿಂದ ೧೯೫೮ರಲ್ಲಿ ಪರಿಷ್ಕರಿಸಿದ ಆಶಯ ಸೂಚಿ, ೨೦೦೪ರಲ್ಲಿ ಹಾನ್ಸ್ ಯೋರ್ಗ್ ಊಥರ್ ಪರಿಷ್ಕರಿಸಿದ ಕಥಾವರ್ಗ ಸೂಚಿ ಇವೆರಡೂ ಲೋಕದ ಕತೆಗಳನ್ನು ಇದೇ ಬಗೆಯಲ್ಲಿ ಸಂಕೇತಗಳಿಗೆ ಹೊಂದಿಸುತ್ತವೆ. ಸೂಚಿಗಳಿಲ್ಲದೆ ಹೋಲಿಕೆ ಸಾಧ್ಯವಿಲ್ಲವೆಂಬುದು ನಿಜ. ಆದರೆ ಯಾವ ಜಾನಪದ ವಿದ್ವಾಂಸನೂ ಕತೆಯನ್ನು ಬಿಸಾಡಿ ವರ್ಗಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ.

ಭಾರತದಲ್ಲಿ ನಡೆಯುವ ಪ್ರಯೋಗಗಳಲ್ಲಿ ಈ ಅಂಕಣವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ತುಂಬಲಾಗುತ್ತದೆ. ರೋಗಿ ಕನ್ನಡದಲ್ಲಿ ಹೇಳಿದ್ದನ್ನು ವೈದ್ಯರೋ ಸಂಯೋಜಕರೋ ಮನಸ್ಸಿನಲ್ಲೇ ಅನುವಾದಿಸಿ ಒಂದೆರಡು ಇಂಗ್ಲಿಷ್ ಪದಗಳಲ್ಲಿ ಬರೆಯುತ್ತಾರೆ. ಹೀಗೆ ‘ಯಥಾವತ್’ ಎಂದು ಕರೆಯಲ್ಪಡುವ ಪದವು ರೋಗಿಯ ಮಾತಲ್ಲ, ಆ ಮಾತಿನ ಮೊದಲ ವ್ಯಾಖ್ಯಾನ. ವ್ಯಾಖ್ಯಾನವನ್ನೇ ಮೂಲವೆಂದು ಕರೆದಿರುವುದು ಈ ನಮೂನೆಯ ಅತಿ ಗಂಭೀರ ದೋಷ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ‘ತಲೆ ತಿರುಗುತ್ತದೆ’ ಎಂಬುದೂ ‘ಕಣ್ಣು ಕತ್ತಲೆ ಬರುತ್ತದೆ’ ಎಂಬುದೂ ಕನ್ನಡದಲ್ಲಿ ಎರಡು ಬೇರೆ ಅನುಭವಗಳು. ಮೊದಲನೆಯದರಲ್ಲಿ ಸುತ್ತಲಿನ ಜಗತ್ತು ಸುತ್ತುತ್ತದೆ. ಎರಡನೆಯದು ಕುಕ್ಕುರುಗಾಲಿನಲ್ಲಿ ಕುಳಿತವರು ಥಟ್ಟನೆ ಎದ್ದಾಗ ಕಣ್ಣಮುಂದೆ ಕಪ್ಪು ಕವಿಯುವ ಅನುಭವ. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಇವು ಬೇರೆಯೇ. ಮೊದಲನೆಯದು ಕಿವಿಯ ಒಳಭಾಗದ ತೊಂದರೆಯನ್ನು ಸೂಚಿಸಬಹುದು, ಎರಡನೆಯದು ಎದ್ದುನಿಂತಾಗ ರಕ್ತದೊತ್ತಡ ಕುಸಿಯುವುದನ್ನು ಸೂಚಿಸಬಹುದು. ಪದಕೋಶದಲ್ಲೂ ‘ವರ್ಟಿಗೋ’ ಎಂಬುದು ಕಿವಿಯ ವರ್ಗದಲ್ಲಿದ್ದರೆ ‘ಡಿಜ್ಜಿನೆಸ್’ ಎಂಬುದು ನರವ್ಯೂಹದ ವರ್ಗದಲ್ಲಿದೆ. ಎರಡೂ ಕನ್ನಡ ನುಡಿಗಳನ್ನು ‘ಡಿಜ್ಜಿನೆಸ್’ ಎಂದು ಬರೆದಾಗ ರೋಗಿ ತಾನಾಗಿಯೇ ಒದಗಿಸಿದ್ದ ವಿವೇಚನೆ ಅಳಿಸಿಹೋಗುತ್ತದೆ. ರಕ್ತದೊತ್ತಡದ ಔಷಧವೊಂದರ ಪರೀಕ್ಷೆಯಲ್ಲಿ ಹೀಗಾದರೆ ಅದು ಭಾಷೆಯ ಸೂಕ್ಷ್ಮವಾಗಿ ಉಳಿಯುವುದಿಲ್ಲ, ಸುರಕ್ಷತೆಯ ಪ್ರಶ್ನೆಯಾಗುತ್ತದೆ. ಇಲ್ಲಿ ಲೋಕದ ಮಾತು ದಾಖಲೆಯ ಮಾತಿಗಿಂತ ಹೆಚ್ಚು ನಿಖರವಾಗಿದೆಯೆಂಬುದನ್ನು ಗಮನಿಸಬೇಕು.

‘ಜೋಮು ಹಿಡಿದಿದೆ’, ‘ಜುಮುಜುಮು ಎನ್ನುತ್ತದೆ’, ‘ಮರಗಟ್ಟಿದೆ’, ‘ಅಂಗಾಲು ಉರಿಯುತ್ತದೆ’ ಎಂಬ ನುಡಿಗಳೂ ಹೀಗೆಯೇ. ಸ್ಪರ್ಶಜ್ಞಾನ ಹೆಚ್ಚುಕಡಿಮೆಯಾದುದು, ವಿಕೃತವಾದುದು, ಇಲ್ಲವಾದುದು ಎಂಬ ಭೇದಗಳನ್ನು ಅವು ಸೂಚಿಸುತ್ತವೆ. ಕ್ಷಯದ ಔಷಧವಾದ ಐಸೋನಿಯಾಜಿಡ್ ಹೊರನರಗಳಿಗೆ ತೊಂದರೆ ಕೊಡಬಲ್ಲದೆಂಬುದು ತಿಳಿದ ಸಂಗತಿ. ಅಂಥ ಕಡೆ ಈ ಭೇದಗಳು ಮುನ್ಸೂಚನೆಗಳಾಗುತ್ತವೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ‘ಬೇಜಾರು’ ಎಂಬ ಒಂದೇ ಪದ ಬೇಸರ, ದುಃಖ, ಜಿಗುಪ್ಸೆ, ನಿರಾಸಕ್ತಿಗಳನ್ನು ಹೊರಬಲ್ಲದು. ‘ಸಂಕಟ’ವು ಹೊಟ್ಟೆಯದೂ ಆಗಬಹುದು, ಮನಸ್ಸಿನದೂ ಆಗಬಹುದು. ಇಂಥಲ್ಲಿ ಇನ್ನೊಂದು ಪ್ರಶ್ನೆ ಕೇಳದೆ ಸಂಕೇತ ನೀಡಲಾಗದು. ಮೂಲದ ಮಾತು ಉಳಿದಿದ್ದರಷ್ಟೇ ಆ ಇನ್ನೊಂದು ಪ್ರಶ್ನೆ ಬೇಕಿತ್ತೆಂಬುದು ಮುಂದಿನವರಿಗೆ ಗೊತ್ತಾಗುತ್ತದೆ.

ಈ ಸಂದರ್ಭದಲ್ಲಿ ಒಂದು ವೈರುಧ್ಯವನ್ನು ಹೇಳದಿರಲಾಗದು. ಪ್ರಯೋಗಕ್ಕೆ ಸೇರುವವರ ಒಪ್ಪಿಗೆಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಪಡೆಯಬೇಕೆಂದು ನಮ್ಮ ನಿಯಮಗಳು ವಿಧಿಸುತ್ತವೆ. ಒಪ್ಪಿಗೆಯ ಪ್ರಕ್ರಿಯೆಯನ್ನು ದೃಶ್ಯಶ್ರವ್ಯ ರೂಪದಲ್ಲಿ ದಾಖಲಿಸಬೇಕೆಂಬ ಆದೇಶ ೨೦೧೩ರಲ್ಲಿ ಬಂದಿತು. ಈಗಿನ ನಿಯಮದಂತೆ ಹೊಸ ರಾಸಾಯನಿಕ ದ್ರವ್ಯದ ಪ್ರಯೋಗಗಳಲ್ಲಿ ಸುಲಭವಾಗಿ ಶೋಷಣೆಗೆ ಒಳಗಾಗಬಹುದಾದ ಭಾಗಿಗಳ ವಿಷಯದಲ್ಲಿ ಇದು ಅಗತ್ಯ. ಅಂದರೆ ‘ಒಪ್ಪಿದೆ’ ಎಂಬ ಕನ್ನಡದ ಮಾತಿಗೆ ಕಾನೂನು ಇಷ್ಟು ಬೆಲೆ ಕೊಟ್ಟಿದೆ. ಅದೇ ವ್ಯಕ್ತಿ ಎರಡು ವಾರಗಳ ಮೇಲೆ ಬಂದು ‘ಅಂಗಾಲು ಉರಿ’ ಎಂದಾಗ ಆ ಮಾತು ನಮೂನೆಯಲ್ಲಿ ಕನ್ನಡವಾಗಿ ಉಳಿಯುವುದಿಲ್ಲ. ಒಪ್ಪಿಗೆಗೆ ಇರುವ ಭಾಷೆ ನೋವಿಗೆ ಇಲ್ಲ.

೪. ಕೇಳಿದರೂ ಕೇಳಿಸದ ಪ್ರಶ್ನೆಗಳು

ಉತ್ತರದ ಅನುವಾದದಲ್ಲಿ ಮಾತ್ರವಲ್ಲ, ಪ್ರಶ್ನೆಯ ಅನುವಾದದಲ್ಲೂ ತೊಡಕಿದೆ. ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು ೧೯೮೦ರ ಸುಮಾರಿನ ತಮ್ಮ ಬರಹಗಳಲ್ಲಿ ಅಲ್ಲಿನ ಜನ ಇಂಗ್ಲಿಷ್ ಔಷಧಗಳನ್ನು ಉಷ್ಣವೆಂದೂ ಪ್ರಬಲವೆಂದೂ ಗ್ರಹಿಸುವುದನ್ನು ವಿವರಿಸಿದ್ದಾರೆ. ೧೯೮೧ರಲ್ಲಿ ಪ್ರಕಟವಾದ, ಸಂಕಟದ ನುಡಿಗಟ್ಟುಗಳನ್ನು ಕುರಿತ ಅವರ ಪ್ರಬಂಧವು ಅಲ್ಲಿನ ಹವ್ಯಕ ಮಹಿಳೆಯರ ಅಧ್ಯಯನವನ್ನು ಆಧರಿಸಿದೆ. ಮನಸ್ಸಿನ ನೋವು ಬೇರೆಬೇರೆ ಸಾಂಸ್ಕೃತಿಕ ದಾರಿಗಳಲ್ಲಿ ಹೊರಬರುವುದನ್ನು ಅದು ತೋರಿಸಿತು. ಮಾತ್ರೆ ಉಷ್ಣವೆಂದು ನಂಬಿರುವ ವ್ಯಕ್ತಿಗೆ ಅಂಗಾಲಿನ ಉರಿ, ಬಾಯಿಹುಣ್ಣು, ಉರಿಮೂತ್ರಗಳು ಔಷಧದಿಂದಾದ ‘ತೊಂದರೆ’ಯಾಗಿ ತೋರಬೇಕೆಂದಿಲ್ಲ. ಅವು ಔಷಧದ ಸಹಜ ಗುಣ. ಎಳನೀರು ಕುಡಿದು, ನೆತ್ತಿಗೆ ಹರಳೆಣ್ಣೆ ಹಾಕಿಕೊಂಡರೆ ಶಮನವಾಗುವಂಥವು. ಆದ್ದರಿಂದ ‘ಔಷಧದಿಂದ ಏನಾದರೂ ತೊಂದರೆಯಾಯಿತೇ?’ ಎಂಬ ಪ್ರಶ್ನೆಗೆ ಅವನು ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾನೆ. ನಮೂನೆಯಲ್ಲಿ ‘ಇಲ್ಲ’ ಎಂಬ ಚೌಕ ತುಂಬುತ್ತದೆ, ಮುಂದಿನ ಪ್ರಶ್ನೆಗಳು ತಾವಾಗಿಯೇ ಮರೆಯಾಗುತ್ತವೆ. ನಮೂನೆಯ ಬುದ್ಧಿವಂತಿಕೆಯೇ ಇಲ್ಲಿ ಅದರ ಕಿವುಡಾಗುತ್ತದೆ. ‘ಮಾತ್ರೆ ತಗೊಂಡ ಮೇಲೆ ಉಷ್ಣ ಆಯಿತೇ? ಅದಕ್ಕೆ ಏನು ಮಾಡಿಕೊಂಡಿರಿ?’ ಎಂದು ಕೇಳಿದ್ದರೆ ಉತ್ತರ ಬೇರೆಯಾಗಿರುತ್ತಿತ್ತು.

‘ಬೇರೆ ಯಾವುದಾದರೂ ಔಷಧ ಸೇವಿಸುತ್ತಿದ್ದೀರಾ?’ ಎಂಬ ಪ್ರಶ್ನೆಯ ಗತಿಯೂ ಇದೇ. ಅಮೃತಬಳ್ಳಿಯ ಕಷಾಯ, ಕಾಮಾಲೆಗೆ ಕೊಡುವ ನೆಲನೆಲ್ಲಿಯ ರಸ, ಜೀರಿಗೆ ಮೆಣಸಿನ ಕಷಾಯ ಇವು ಅನೇಕರ ಪಾಲಿಗೆ ‘ಔಷಧ’ವಲ್ಲ, ಮನೆಮದ್ದು. ನಾಟಿ ವೈದ್ಯರು ಕೊಟ್ಟ ಪುಡಿಯನ್ನು ಆಸ್ಪತ್ರೆಯಲ್ಲಿ ಹೇಳಬಾರದೆಂಬ ಅಳುಕೂ ಇರುತ್ತದೆ. ಒಂದು ಸಸ್ಯದ ರಸ ಪ್ರಯೋಗದ ಔಷಧದೊಡನೆ ದೇಹದಲ್ಲಿ ಹೇಗೆ ವರ್ತಿಸುತ್ತದೆಂಬುದು ಸಂಶೋಧಕನಿಗೆ ತಿಳಿಯಲೇಬೇಕಾದ ವಿಷಯ. ಪ್ರಶ್ನೆಯಲ್ಲಿ ‘ಔಷಧ’ ಎಂಬ ಒಂದು ಪದದ ಪಕ್ಕದಲ್ಲಿ ‘ಮನೆಮದ್ದು, ಕಷಾಯ, ಸೊಪ್ಪಿನ ರಸ, ನಾಟಿ ಮದ್ದು’ ಎಂಬ ನಾಲ್ಕು ಪದಗಳು ಸೇರಿದರೆ ಈ ಅಂತರ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

‘ಊಟವಾದ ಮೇಲೆ ಮಾತ್ರೆ ತೆಗೆದುಕೊಂಡಿರಾ?’ ಎಂಬುದು ಇನ್ನೊಂದು ಪ್ರಶ್ನೆ. ಬೆಳಗ್ಗೆ ತಿಂದ ರೊಟ್ಟಿಯೋ ಉಪ್ಪಿಟ್ಟೋ ‘ತಿಂಡಿ’ಯೇ ಹೊರತು ‘ಊಟ’ವಲ್ಲವೆಂದು ತಿಳಿಯುವವರು ಅನೇಕರಿದ್ದಾರೆ. ಶನಿವಾರದ ಒಪ್ಪೊತ್ತು, ಏಕಾದಶಿಯ ಉಪವಾಸ, ರಂಜಾನ್ ತಿಂಗಳ ರೋಜಾ ಇವು ಔಷಧದ ವೇಳೆಯನ್ನೇ ಬದಲಿಸುತ್ತವೆ. ಒಂದು ಪದದ ಅರ್ಥವ್ಯಾಪ್ತಿಯನ್ನು ತಿಳಿಯದೆ ರಚಿಸಿದ ಪ್ರಶ್ನೆಗೆ ಎಷ್ಟು ಅಚ್ಚುಕಟ್ಟಾದ ಚೌಕಗಳನ್ನು ಕೊಟ್ಟರೂ ಬರುವ ದತ್ತಾಂಶ ನಂಬತಕ್ಕದ್ದಲ್ಲ.

ರೋಗಿಗಳೇ ಉತ್ತರಿಸುವ ಪ್ರಶ್ನಾವಳಿಗಳನ್ನು ಭಾಷಾಂತರಿಸುವಾಗ ಇಬ್ಬರು ಅನುವಾದಿಸಿ, ಅದನ್ನು ಸಮನ್ವಯಗೊಳಿಸಿ, ಮತ್ತೆ ಇಂಗ್ಲಿಷಿಗೆ ಹಿಮ್ಮರಳಿಸಿ, ಕೊನೆಗೆ ಕೆಲವರು ರೋಗಿಗಳ ಎದುರು ಓದಿ ಅರ್ಥವಾಯಿತೇ ಎಂದು ಪರೀಕ್ಷಿಸುವ ಕ್ರಮವುಂಟು. ಈ ಕ್ರಮದ ಬಗೆಗಿನ ಅಂತರರಾಷ್ಟ್ರೀಯ ಮಾರ್ಗದರ್ಶನ ೨೦೦೫ರಲ್ಲಿ ಪ್ರಕಟವಾಯಿತು. ಇದು ಒಳ್ಳೆಯ ಕ್ರಮವೇ. ಆದರೆ ಹಿಮ್ಮರಳಿಸುವ ಅನುವಾದವು ಅರ್ಥವನ್ನು ಕಾಯುತ್ತದೆಯೇ ಹೊರತು ನುಡಿಯ ಧಾಟಿಯನ್ನು ಕಾಯುವುದಿಲ್ಲ. ‘ಖಿನ್ನತೆ’ ಎಂಬ ಪದ ಹಿಮ್ಮರಳಿದಾಗ ಸರಿಯಾಗಿಯೇ ಕಾಣುತ್ತದೆ. ಆದರೆ ಸಂತೆಯಿಂದ ನೇರವಾಗಿ ಆಸ್ಪತ್ರೆಗೆ ಬಂದ ಹೆಂಗಸಿಗೆ ಅದು ಪಠ್ಯಪುಸ್ತಕದ ಪದ. ಮೈಸೂರು ಸೀಮೆ, ಕಲ್ಯಾಣ ಕರ್ನಾಟಕ, ಕರಾವಳಿಗಳ ಕನ್ನಡದಲ್ಲಿ ಒಂದೇ ಲಕ್ಷಣಕ್ಕೆ ಬೇರೆ ನುಡಿಗಳಿರುವುದನ್ನು ಒಂದೇ ‘ಕನ್ನಡ ಆವೃತ್ತಿ’ ಹೇಗೆ ಹಿಡಿಯಬಲ್ಲದೆಂಬ ಪ್ರಶ್ನೆಯೂ ಉಳಿಯುತ್ತದೆ.

೫. ಕಾಲ ಮತ್ತು ಪ್ರಮಾಣ

ಎ. ಕೆ. ರಾಮಾನುಜನ್ ಅವರು ೧೯೮೯ರಲ್ಲಿ ಪ್ರಕಟವಾದ, ಭಾರತೀಯ ಚಿಂತನಾಕ್ರಮವನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸಂದರ್ಭಮುಕ್ತ ಮತ್ತು ಸಂದರ್ಭಸೂಕ್ಷ್ಮ ವ್ಯಾಕರಣಗಳ ಭೇದವನ್ನು ಚರ್ಚಿಸಿದ್ದಾರೆ. ನಮೂನೆಯು ಸಂದರ್ಭಮುಕ್ತ ವ್ಯಾಕರಣದ ಒಂದು ಶುದ್ಧ ರೂಪವೆನ್ನಬಹುದು. ಅದರ ದಿನಾಂಕ, ಸಂಖ್ಯೆ, ಮಾಪಕಗಳು ಎಲ್ಲ ಊರಿಗೂ ಎಲ್ಲ ಋತುವಿಗೂ ಒಂದೇ. ಜನಪದರ ಕಾಲಗಣನೆಯಾದರೋ ಸಂದರ್ಭಸೂಕ್ಷ್ಮವಾದುದು.

ಆದರೆ ಸಂದರ್ಭಸೂಕ್ಷ್ಮವೆಂದರೆ ಅಸ್ಪಷ್ಟವೆಂದಲ್ಲ. ‘ಮಹಾಲಯ ಅಮಾವಾಸ್ಯೆಯ ಹಿಂದಿನ ಸೋಮವಾರ ಜ್ವರ ಬಂತು’ ಎಂದರೆ ಪಂಚಾಂಗ ನೋಡಿ ಆ ದಿನಾಂಕವನ್ನು ಖಚಿತವಾಗಿ ಹೇಳಬಹುದು. ‘ಆರಿದ್ರಾ ಮಳೆ ಹುಟ್ಟಿದಾಗ’ ಎಂದರೆ ಜೂನ್ ತಿಂಗಳ ಮೂರನೆಯ ವಾರದ ಕೊನೆಯ ಆಸುಪಾಸು. ಒಂದು ಮಳೆ ನಕ್ಷತ್ರದ ಅವಧಿ ೧೩ ಅಥವಾ ೧೪ ದಿನ ಮಾತ್ರ. ‘ಜೂನ್‌ನಲ್ಲಿ’ ಎಂಬ ಉತ್ತರಕ್ಕಿಂತ ಇದು ಹೆಚ್ಚು ನಿಖರ. ದಿನಾಂಕದ ಅಂಕಣದಲ್ಲಿ ತಿಂಗಳು ಮತ್ತು ವರ್ಷವನ್ನು ಮಾತ್ರ ಬರೆಯಲು ಅವಕಾಶವಿರಬೇಕೆಂಬುದನ್ನು ಮಾನಕಗಳೂ ಒಪ್ಪುತ್ತವೆ. ಹಾಗಿದ್ದೂ ದಿನವನ್ನು ಕಡ್ಡಾಯಗೊಳಿಸಿದ ನಮೂನೆಯು ತುಂಬುವವರನ್ನು ಊಹೆಗೆ ದೂಡುತ್ತದೆ. ಊಹೆಯ ದಿನಾಂಕಕ್ಕೂ ನಿಜದ ದಿನಾಂಕಕ್ಕೂ ಪರದೆಯ ಮೇಲೆ ವ್ಯತ್ಯಾಸವಿರುವುದಿಲ್ಲ. ಜನಸಂಖ್ಯಾ ಸಮೀಕ್ಷೆಗಳಲ್ಲಿ ವಯಸ್ಸನ್ನು ಅರಿಯಲು ಸ್ಥಳೀಯ ಘಟನೆಗಳ ಪಟ್ಟಿಯನ್ನು ಬಳಸುವ ಪದ್ಧತಿಯಿದೆ. ಹಬ್ಬ, ಜಾತ್ರೆ, ಮಳೆ, ಸಂತೆಗಳ ಕ್ಯಾಲೆಂಡರೊಂದನ್ನು ದಿನಾಂಕದ ಅಂಕಣಕ್ಕೆ ಜೋಡಿಸುವುದು ಗಣಕಕ್ಕೆ ಕಷ್ಟದ ಕೆಲಸವಲ್ಲ.

ನೋವಿನ ಅಳತೆಯದು ಇನ್ನೊಂದು ಬಗೆ. ಸೊನ್ನೆಯಿಂದ ಹತ್ತರವರೆಗಿನ ಸಂಖ್ಯೆಯಲ್ಲಿ ಈಗಿನ ನೋವೆಷ್ಟೆಂದು ನಮೂನೆ ಕೇಳುತ್ತದೆ. ‘ಎಂಟಾಣೆ ವಾಸಿ’, ‘ಹನ್ನೆರಡಾಣೆ ಗುಣ’ ಎಂದು ಹಿರಿಯರು ಉತ್ತರಿಸುತ್ತಾರೆ. ನಾಣ್ಯಗಳು ೧೯೫೭ರಲ್ಲಿ ದಶಮಾಂಶಕ್ಕೆ ಬದಲಾದರೂ ಹದಿನಾರಾಣೆಯ ಲೆಕ್ಕ ನುಡಿಯಲ್ಲಿ ಉಳಿದುಕೊಂಡಿದೆ. ಇದನ್ನು ಹತ್ತಕ್ಕೆ ಐದು ಎಂದು ಬರೆದುಕೊಳ್ಳುವುದು ತಪ್ಪು. ಏಕೆಂದರೆ ರೋಗಿ ಹೇಳಿದ್ದು ಈಗಿನ ನೋವಿನ ಪ್ರಮಾಣವನ್ನಲ್ಲ, ಮೊದಲಿದ್ದುದಕ್ಕೆ ಹೋಲಿಸಿ ಎಷ್ಟು ಕಡಿಮೆಯಾಗಿದೆಯೆಂಬುದನ್ನು. ಬದಲಾವಣೆಯ ಒಟ್ಟು ಅನಿಸಿಕೆಯನ್ನು ಕೇಳುವ ಮಾಪಕಗಳು ವೈದ್ಯಶಾಸ್ತ್ರದಲ್ಲೂ ಇವೆ. ‘ಎಂಟಾಣೆ’ಗೆ ಸಲ್ಲುವ ಅಂಕಣ ಅದು. ಜನರ ಮಾತಿನ ಸ್ವರೂಪವನ್ನು ಅರಿತರೆ ಯಾವ ಮಾಪಕವನ್ನು ಆರಿಸಬೇಕೆಂಬುದೂ ತಿಳಿಯುತ್ತದೆ.

೬. ಪೂರ್ವನಿದರ್ಶನಗಳು

ಮೇಲೆ ಹೇಳಿದ್ದು ಆದರ್ಶದ ಮಾತೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಕರ್ನಾಟಕದಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಸಿತು. ಅದರ ಭಾಗವಾಗಿ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರು ಕ್ಷಯರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವು ಎಷ್ಟಿದೆಯೆಂಬುದನ್ನು ಅಧ್ಯಯನ ಮಾಡಿ ೧೯೬೩ರಲ್ಲಿ ಪ್ರಕಟಿಸಿದರು. ಹಳ್ಳಿಯ ಜನರಿಗೆ ತಮ್ಮ ಕಾಯಿಲೆ ಗೊತ್ತಾಗುವುದಿಲ್ಲವೆಂಬ ಅಂದಿನ ಊಹೆಯನ್ನು ಅದು ಅಲ್ಲಗಳೆಯಿತು. ರೋಗಿಗಳಲ್ಲಿ ಬಹುಪಾಲು ಜನ ಲಕ್ಷಣಗಳನ್ನು ಅರಿತಿದ್ದರು, ಅನೇಕರು ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ತಾವಾಗಿ ಆಸ್ಪತ್ರೆಗೆ ಬರುವವರಲ್ಲೇ ಕ್ಷಯವನ್ನು ಪತ್ತೆಹಚ್ಚಬಹುದೆಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಈ ತಿಳಿವಳಿಕೆ ಆಧಾರವಾಯಿತು. ಸರಿಯಾಗಿ ಕೇಳಿಸಿಕೊಂಡ ಮಾತು ದೇಶದ ನೀತಿಯನ್ನೇ ರೂಪಿಸಿತು.

ಎರಡನೆಯ ನಿದರ್ಶನ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಮಿಚೆಲ್ ವೈಸ್ ಮತ್ತು ಆರ್. ರಘುರಾಂ ಅವರು ಸಹೋದ್ಯೋಗಿಗಳೊಡನೆ ಇಲ್ಲಿ ‘ಎಮಿಕ್’ ಎಂಬ ಸಂದರ್ಶನ ನಮೂನೆಯನ್ನು ಬಳಸಿ ಖಿನ್ನತೆ, ಕಳಂಕಭಾವ ಮತ್ತು ದೈಹಿಕ ಲಕ್ಷಣಗಳ ಸಂಬಂಧವನ್ನು ಅಧ್ಯಯನ ಮಾಡಿ ೧೯೯೬ರಲ್ಲಿ ಪ್ರಕಟಿಸಿದರು. ರೋಗಿ ತನ್ನ ಸಂಕಟವನ್ನು ಹೇಗೆ ಹೆಸರಿಸುತ್ತಾನೆ, ಯಾವ ಕಾರಣವನ್ನು ಕೊಡುತ್ತಾನೆ, ಎಲ್ಲಿ ಪರಿಹಾರ ಹುಡುಕಿದ್ದಾನೆ ಎಂಬುದನ್ನು ಅವನ ಕಥನದಲ್ಲೇ ಪಡೆದು, ಆ ಕಥನವನ್ನು ಉಳಿಸಿಕೊಂಡೇ ಸಂಕೇತಗಳನ್ನೂ ನೀಡುವುದು ಈ ನಮೂನೆಯ ವಿಶೇಷ. ಕಥನ ಮತ್ತು ಸಂಖ್ಯೆ ಒಂದೇ ನಮೂನೆಯಲ್ಲಿ ಜೊತೆಯಾಗಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಮೂರನೆಯದು ಸಿಡುಬು ನಿರ್ಮೂಲನದ ಕಾಲದ್ದು. ಭಾರತದಲ್ಲಿ ೧೯೭೫ರಲ್ಲಿ ಕೊನೆಗೊಂಡ ಆ ಕಾರ್ಯದಲ್ಲಿ ಮನೆಮ‌ನೆಗೆ ಹೋದ ಶೋಧ ಕಾರ್ಯಕರ್ತರು ಗುಳ್ಳೆಗಳೆದ್ದ ಮಗುವಿನ ಚಿತ್ರವಿದ್ದ ಚೀಟಿಯನ್ನು ತೋರಿಸಿ ಇಂಥ ಕಾಯಿಲೆ ಇಲ್ಲಿ ಯಾರಿಗಾದರೂ ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ‘ಅಮ್ಮ’ ಎಂದು ಪೂಜ್ಯಭಾವದಿಂದ ಕರೆಯುವ ಕಾಯಿಲೆಯನ್ನು ಅದರ ವೈದ್ಯಕೀಯ ಹೆಸರಿನಿಂದ ಕೇಳುವ ತೊಡಕನ್ನು ಒಂದು ಚಿತ್ರ ನಿವಾರಿಸಿತು. ಬಳಕೆದಾರಸ್ನೇಹಿ ನಮೂನೆಗೆ ಅದೊಂದು ಹಳೆಯ, ಉತ್ತಮ ಮಾದರಿ.

೭. ಕೆಲವು ಸೂಚನೆಗಳು

ಈ ಚರ್ಚೆಯ ಹಿನ್ನೆಲೆಯಲ್ಲಿ ಕೆಳಗಿನ ಸೂಚನೆಗಳನ್ನು ಮುಂದಿಡಬಹುದು.

(ಅ) ಪ್ರತಿಕೂಲ ಘಟನೆಯ ಪುಟದಲ್ಲಿ ಒಂದರ ಬದಲು ಎರಡು ಅಂಕಣಗಳಿರಬೇಕು. ಮೊದಲನೆಯದು ರೋಗಿಯ ಮಾತು, ಅವನ ನುಡಿಯಲ್ಲಿ, ಅವನ ಲಿಪಿಯಲ್ಲಿ. ಎರಡನೆಯದು ವೈದ್ಯರ ಪದ. ಯುನಿಕೋಡ್‌ನ ೧೯೯೧ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿರುವುದರಿಂದ ಲಿಪಿಯ ತಾಂತ್ರಿಕ ನೆಪಕ್ಕೆ ಈಗ ಅವಕಾಶವಿಲ್ಲ.

(ಆ) ಮಾತನಾಡಿದವರು ಯಾರೆಂಬ ಅಂಕಣವಿರಬೇಕು. ಸೊಸೆಯ ಪರವಾಗಿ ಅತ್ತೆ, ತಂದೆಯ ಪರವಾಗಿ ಮಗ ಉತ್ತರಿಸುವುದು ನಮ್ಮಲ್ಲಿ ಸಾಮಾನ್ಯ. ವಕ್ತೃವಿನ ವಿವರವಿಲ್ಲದ ಹಾಡನ್ನು ನಾವು ಸಂಗ್ರಹಕ್ಕೆ ಸೇರಿಸುವುದಿಲ್ಲ. ನೋವಿನ ಹೇಳಿಕೆಗೂ ಆ ನಿಯಮ ಸಲ್ಲುತ್ತದೆ.

(ಇ) ‘ಗೊತ್ತಿಲ್ಲ’, ‘ಕೇಳಲಿಲ್ಲ’, ‘ಹೇಳಲು ಇಷ್ಟಪಡಲಿಲ್ಲ’ ಎಂಬ ಮೂರು ಪ್ರತ್ಯೇಕ ಆಯ್ಕೆಗಳಿರಬೇಕು. ಕಡ್ಡಾಯ ಅಂಕಣಗಳನ್ನು ಅನಿವಾರ್ಯವಾದ ಕಡೆ ಮಾತ್ರ ಇಡಬೇಕು.

(ಈ) ಪರದೆಯ ಪ್ರಶ್ನೆಯನ್ನು ಓದಿಸಿ ನೋಡುವುದಕ್ಕಿಂತ ಕೇಳಿಸಿ ನೋಡಬೇಕು. ನಮ್ಮಲ್ಲಿ ನಮೂನೆಯ ಪ್ರಶ್ನೆ ರೋಗಿಗೆ ತಲುಪುವುದು ಹೆಚ್ಚಾಗಿ ದಾದಿಯ ಅಥವಾ ಸಂಯೋಜಕರ ಬಾಯಿಂದ. ಆದ್ದರಿಂದ ಪ್ರಶ್ನೆಯ ಪರೀಕ್ಷೆ ಮೌಖಿಕವಾಗಿ, ಆಯಾ ಸೀಮೆಯ ನುಡಿಯಲ್ಲಿ ನಡೆಯಬೇಕು.

(ಉ) ದೇಹ, ರೋಗ, ಆಹಾರ, ಕಾಲಗಳಿಗೆ ಸಂಬಂಧಿಸಿದ ಕನ್ನಡದ ಪ್ರಾದೇಶಿಕ ನುಡಿಗಟ್ಟುಗಳ ಕೋಶವೊಂದನ್ನು ಜಾನಪದ ವಿದ್ವಾಂಸರೂ ವೈದ್ಯರೂ ಕೂಡಿ ಸಿದ್ಧಪಡಿಸಬೇಕು. ಈಗಾಗಲೇ ಪ್ರಕಟವಾಗಿರುವ ವೃತ್ತಿಪದಕೋಶಗಳು, ಜನಪದ ವೈದ್ಯ ಸಂಗ್ರಹಗಳು ಇದಕ್ಕೆ ಒಳ್ಳೆಯ ಆರಂಭ ಒದಗಿಸುತ್ತವೆ.

ಇವಕ್ಕೆ ಎರಡು ಆಕ್ಷೇಪಗಳು ಬರಬಹುದು. ಮುಕ್ತ ಪಠ್ಯವನ್ನು ಎಣಿಸಲಾಗದು, ಅದು ತುಂಬುವವರ ಹೊರೆಯನ್ನು ಹೆಚ್ಚಿಸುತ್ತದೆ ಎಂಬುದು ಮೊದಲನೆಯದು. ಎಲ್ಲ ಪುಟಗಳಲ್ಲೂ ಕಥನ ಬೇಕೆಂದು ಇಲ್ಲಿ ಕೇಳುತ್ತಿಲ್ಲ. ಪ್ರತಿಕೂಲ ಘಟನೆಯ ಪುಟದಲ್ಲಿ ಒಂದು ಸಾಲು ಸಾಕು. ಎಣಿಕೆಗೆ ವೈದ್ಯರ ಪದ ಇದ್ದೇ ಇರುತ್ತದೆ. ಉತ್ತಮ ಚಿಕಿತ್ಸಾ ಪ್ರಯೋಗ ವಿಧಾನವನ್ನು ಕುರಿತು ೨೦೨೫ರ ಜನವರಿಯಲ್ಲಿ ಅಂತಿಮಗೊಂಡ ಪರಿಷ್ಕೃತ ಅಂತರರಾಷ್ಟ್ರೀಯ ಮಾರ್ಗಸೂಚಿಯು ಭಾಗಿಗಳ ಮೇಲೂ ಸಂಶೋಧಕರ ಮೇಲೂ ಅನಗತ್ಯ ಹೊರೆ ಹೇರಬಾರದೆನ್ನುತ್ತದೆ. ಬೇಡದ ಹತ್ತು ಅಂಕಣಗಳನ್ನು ಕೈಬಿಟ್ಟು ಬೇಕಾದ ಈ ಒಂದನ್ನು ಸೇರಿಸಿದರೆ ಹೊರೆ ಕಡಿಮೆಯೇ ಆಗುತ್ತದೆ. ಯಥಾವತ್ ಮಾತಿನಿಂದ ವ್ಯಕ್ತಿಯ ಗುರುತು ಬಯಲಾಗಬಹುದೆಂಬುದು ಎರಡನೆಯ ಆಕ್ಷೇಪ. ಇದು ಗಂಭೀರವಾದುದು. ಊರು, ಬಂಧುಗಳ ಹೆಸರುಗಳನ್ನು ತೆಗೆದು ಲಕ್ಷಣದ ನುಡಿಯನ್ನು ಮಾತ್ರ ಉಳಿಸುವುದು ಇದಕ್ಕಿರುವ ಪರಿಹಾರ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯವನ್ನು ವೈದ್ಯರಂತೆ ಜಾನಪದ ಸಂಗ್ರಾಹಕರೂ ಪಾಲಿಸಬೇಕಾದ ಕಾಲವಿದು.

ಅಲನ್ ಡಂಡಸ್ ೧೯೬೪ರಲ್ಲಿ ಜಾನಪದ ವಸ್ತುವನ್ನು ಅದರ ಭಾಷಿಕ ನೇಯ್ಗೆ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸಬೇಕೆಂದು ಸೂಚಿಸಿದರು. ಇವುಗಳಲ್ಲಿ ಅನುವಾದಕ್ಕೆ ಅತಿ ಕಷ್ಟವಾದದ್ದು ನೇಯ್ಗೆ. ಔಷಧ ಪ್ರಯೋಗದ ನಮೂನೆ ಇಂದು ಪಠ್ಯವನ್ನು ಅತ್ಯಂತ ಎಚ್ಚರದಿಂದ ಕಾಯುತ್ತಿದೆ, ಸಂದರ್ಭವನ್ನು ಸ್ವಲ್ಪಮಟ್ಟಿಗೆ ಹಿಡಿಯುತ್ತಿದೆ, ನೇಯ್ಗೆಯನ್ನು ಹೊರಗಿಟ್ಟಿದೆ. ರೋಗದ ಸೂಕ್ಷ್ಮ ಸುಳಿವುಗಳು ಅನೇಕ ಸಲ ಇರುವುದು ಆ ನೇಯ್ಗೆಯಲ್ಲೇ. ಕನ್ನಡದ ಜಾನಪದ ಅಧ್ಯಯನ ಈವರೆಗೆ ಹಾಡು, ಕತೆ, ಗಾದೆ, ಒಗಟುಗಳಿಗೆ ಕೊಟ್ಟ ಕಿವಿಯನ್ನು ‘ಅಂಗಾಲು ಉರಿ’ ಎಂಬ ಎರಡು ಪದಗಳಿಗೂ ಕೊಡುವುದಾದರೆ, ಅದರ ಫಲವನ್ನು ಔಷಧ ನುಂಗುವ ಮನುಷ್ಯ ಪಡೆಯುತ್ತಾನೆ.